ಬ್ರಾಮ್ ಹೆಸರಿನ ಕೆಂಪು ಚೀಟಿ

"ಅವನು ಹೋದ, ಲೋರೆಟಾ. ಚೀಟಿ ತೆಗೆಯೋದು ಮರ್ತಿದಾನೆ, ಅಷ್ಟೇ. ಸಹಿ ಹಾಕಿ, ಬೀಗ ಕತ್ತರಿಸಿಬಿಡೋಣ," ಎಂದ ಪ್ರೆಂಟಿಸ್.

ನಮ್ಮ ಕಂಪನಿ ಮುಚ್ಚಲೆಂದು ಸರ್ಕಾರ ಮೆಲ್ಬರ್ನಿನಿಂದ ಕಳಿಸಿದ ಮನುಷ್ಯ ಅವನು. ಕಲ್ಲಿದ್ದಲು ಹೋದ ಮೇಲೆ ಲಾಟ್ರೋಬ್ ಕಣಿವೆಗೆ ಹೊಸ ಬಗೆಯ ವಿದ್ಯುತ್ ತರಲು ಸರ್ಕಾರವೇ ಕಟ್ಟಿದ ಕಂಪನಿ. ಒಂಬತ್ತೇ ವರ್ಷಕ್ಕೆ ಬಾಗಿಲು ಮುಚ್ಚುತ್ತಿತ್ತು. ಇವತ್ತು ಮೂರು ಗಂಟೆಗೆ ಬ್ಯಾಟರಿ ಶೆಡ್ಡಿಗೆ ಕರೆಂಟ್ ಹರಿಸಿ ತೋರಿಸಿ, ಅದನ್ನು ಕೊಂಡವರ ಕೈಗೆ ಒಪ್ಪಿಸಿದರೆ ಮುಗಿಯಿತು.

ಆದರೆ ಮುಖ್ಯ ಸ್ವಿಚ್ಚಿನ ಬೀಗಕ್ಕೆ ಕೆಂಪು ಚೀಟಿ ನೇತಾಡುತ್ತಿತ್ತು. ಅದರ ಮೇಲೆ ಬ್ರಾಮ್ ಡೆಕ್ಕರನ ಫೋಟೊ, ಹೆಸರು. ನಮ್ಮಲ್ಲಿ ಆ ಚೀಟಿಗೆ ಒಂದೇ ಅರ್ಥ: ಇವನು ಒಳಗಿದ್ದಾನೆ, ಸ್ವಿಚ್ ಹಾಕಿದರೆ ಸಾಯುತ್ತಾನೆ. ಹಾಕಿದವನೇ ತೆಗೆಯಬೇಕು. ಅವನು ಸಿಗದಿದ್ದರೆ, ಒಳಗೆ ಹೋಗುವವರಿಗೆ ಪರ್ಮಿಟ್ ಬರೆಯುವ ನಾನು ಮೂಲೆಮೂಲೆ ಹುಡುಕಿ ಸಹಿ ಮಾಡಬೇಕು.

ನಿನ್ನೆ ಸಂಜೆ ಸಾಸೇಜ್ ಸುಡುತ್ತಾ ಎಲ್ಲರೂ ವಿದಾಯ ಹೇಳುತ್ತಿದ್ದಾಗ ಬ್ರಾಮ್ ನನ್ನ ತಟ್ಟೆಯಿಂದ ಹುರಿದ ಈರುಳ್ಳಿ ಕದ್ದು, "ಶೆಡ್ಡಲ್ಲಿ ಒಂಚೂರು ಕೆಲ್ಸ ಇದೆ ಲೋರಿ" ಎಂದು ಕಣ್ಣು ಮಿಟುಕಿಸಿ ಎದ್ದಿದ್ದ. ಮತ್ತೆ ಬರಲಿಲ್ಲ. ಇವತ್ತು ಹನ್ನೊಂದಕ್ಕೆ ಪರ್ತ್‌ಗೆ ಅವನ ವಿಮಾನ; ಅಲ್ಲಿ ಗಣಿ ಕೆಲಸ. ಹೇಳದೆ ಹೋದನೆಂದು ಬಾಯಿಗೆ ಬಂದ ಹಾಗೆ ಬೈದುಕೊಂಡಿದ್ದೆ. ಈ ಚೀಟಿ ಕಂಡ ಮೇಲೆ ಬೈಗುಳ ನಿಂತಿತು.

ಫೋನ್ ಮಾಡಿದರೆ ನನ್ನ ಡ್ರಾಯರಿನಲ್ಲೇ ರಿಂಗಾಯಿತು. ಕಂಪನಿಯ ಮೊಬೈಲನ್ನು ನನಗೇ ಒಪ್ಪಿಸಿದ್ದನಲ್ಲ, ಪುಣ್ಯಾತ್ಮ!

"ಅವನ ಗಾಡೀನೂ ಇಲ್ವಲ್ರೀ," ಎಂದ ಪ್ರೆಂಟಿಸ್.

"ಗಾಡಿ ಹೋದ ವಾರವೇ ಮಾರಿದಾನೆ. ಅವನು ಹೊರಗೆ ಹೋಗಿದ್ದನ್ನ ಯಾರಾದ್ರೂ ನೋಡಿದ್ರಾ? ಮುಖ ನೋಡದೆ ನಾನು ಸಹಿ ಹಾಕಲ್ಲ. ಏನು ಬೇಕಾದ್ರೂ ಮಾಡ್ಕೊಳ್ಳಿ."

ಪ್ರೆಂಟಿಸ್ ಗೊಣಗುತ್ತಾ ಕೊಂಡವರನ್ನು ಕರೆತರಲು ಗೇಟಿಗೆ ಹೋದ. ಎಲ್ಲ ಕಡೆ ಹುಡುಕಿಯಾಗಿತ್ತು, ಶೆಡ್ಡಿನ ಕೆಳಗಿನ ಕೇಬಲ್ ಸುರಂಗವೊಂದು ಬಿಟ್ಟು. ಟಾರ್ಚ್ ಹಿಡಿದು ಇಳಿದೆ.

ಒಳಗೆ ಮೊಣಕಾಲೂರಿಯೇ ಹೋಗಬೇಕು. ಇಪ್ಪತ್ತು ಅಡಿ ಹೋದ ಮೇಲೆ ಅವನ ಕೈಗವಸು ಸಿಕ್ಕಿತು, ಒಂದೇ ಒಂದು.

"ಬ್ರಾಮ್! ಮಾತಾಡೋ! ಬದುಕಿದೀಯ ಅಂತ ಹೇಳೋ ಸಾಕು!"

ಇನ್ನೂ ಮುಂದಕ್ಕೆ ತೆವಳಿದೆ. ಆಗ ಮೇಲೆ ಬೀಗ ತೆರೆದ ಸದ್ದು ಕೇಳಿಸಿತು. ಒಂಬತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವಳು, ನನ್ನ ಚೀಟಿ ಹಾಕದೆಯೇ ಇಳಿದಿದ್ದೆ. ನಾನಿಲ್ಲಿರುವುದು ಯಾರಿಗೂ ಗೊತ್ತಿರಲಿಲ್ಲ.

"ಹಾಕ್ಬೇಡಿ! ಒಳಗಿದೀನಿ! ಹಾಕ್ಬೇಡಿ!" ಎಂದು ಗಂಟಲು ಹರಿಯುವಂತೆ ಕಿರುಚಿದೆ.

ಏನೋ ಲೋಹದ್ದು ನೆಲಕ್ಕೆ ಬಿತ್ತು. ಯಾರೋ ಓಡಿ ಬಂದರು. ನನ್ನ ತೋಳು ಹಿಡಿದು ಮೇಲಕ್ಕೆಳೆದವನು ಬ್ರಾಮ್. ಸುಣ್ಣದಂತೆ ಬಿಳಿಚಿದ್ದ.

"ಲೋರಿ... ಸ್ವಿಚ್ ಮೇಲೆ ಕೈ ಇಟ್ಟಿದ್ದೆ. ಗೇಟಲ್ಲಿ ಪ್ರೆಂಟಿಸ್ ಸಿಕ್ಕಿ, ಹಾಕಿಬಿಡು ಅಂದ. ನನ್ನ ಕೈಯಿಂದಾನೇ..."

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಏರ್‌ಪೋರ್ಟಲ್ಲಿ ಜೇಬು ಖಾಲಿ ಮಾಡಿಸಿದ್ರು, ಬೀಗದ ಕೈ ಟ್ರೇಗೆ ಬಿತ್ತು, ಚೀಟಿ ನೆನಪಾಯ್ತು. ಆಫೀಸಿಗೆ ಹತ್ತು ಸಲ ಫೋನ್ ಮಾಡಿದೆ, ಲೈನೇ ಕಿತ್ತು ಹಾಕಿದಾರೆ. ನಿನ್ನ ನಂಬರ್ ಆ ಹಳೇ ಮೊಬೈಲಲ್ಲಿತ್ತು. ರೈಲು ಹತ್ತಿ ಬಂದೆ."

ಅವನ ಎದೆಗೆ ಗುದ್ದಿದೆ. ಇನ್ನೊಂದು ಗುದ್ದುವಷ್ಟರಲ್ಲಿ ಅಳು ಬಂತು.

"ನೀನು ಸತ್ತೇಹೋದೆ ಅಂದ್ಕೊಂಡೆ ಕಣೋ. ನಿನ್ನ ಮೇಲೆ ಪ್ರಾಣಾನೇ ಇಟ್ಕೊಂಡಿದೀನಿ, ಗೊತ್ತಾಗಲ್ವಾ ದಡ್ಡ?"

"ನಿನ್ನೆ ಅದನ್ನೇ ಹೇಳ್ಬೇಕು ಅಂತಿದ್ದೆ. ಹೆದ್ರಿ ಓಡಿಹೋದೆ, ಚೀಟಿ, ಕೈಗವಸು ಎರಡೂ ಮರ್ತು." ನನ್ನ ಮುಖವನ್ನು ಎರಡು ಕೈಯಲ್ಲೂ ಹಿಡಿದುಕೊಂಡ. "ವಿಮಾನ ಹೋಯ್ತು. ಇನ್ನು ಸೋಮವಾರವೇ."

"ಹೋಗ್ಲೇಬೇಕಾ?"

"ಇಲ್ಲಿ ಕೆಲ್ಸ ಎಲ್ಲಿದೆ ಲೋರಿ?"

"ಹಾಗಾದ್ರೆ ಎರಡು ಟಿಕೆಟ್ ತಗೋ."

"ವಿಮಾನ ಅಂದ್ರೆ ನೀನು ಹೆದ್ರಿ ಮೈಲಿ ದೂರ ಓಡ್ತೀಯಲ್ಲೇ!"

"ಓಡ್ತೀನಿ," ಎಂದೆ. "ಕೈ ಬಿಡ್ಬೇಡ, ಅಷ್ಟೇ."