ಮೇಬಲ್ ಕತ್ತಿನ ಕೆಂಪು ಗುರುತು

"ಏಯ್! ಇಳೀರಿ ಕೆಳಗೆ! ಮೊದಲು ಇಳೀರಿ!"

ಕೋರಾಳ ಕೂಗಿಗೆ ಏಣಿಯ ಮೇಲಿದ್ದವನು ತಿರುಗಿ ನೋಡಿದ. ಅವನ ಕೈಯಲ್ಲಿ ಸುತ್ತಿಗೆಯಿತ್ತು. ಎದುರಿಗೆ ಮೂವತ್ತು ಅಡಿ ಎತ್ತರದ ಸಿಮೆಂಟಿನ ಡೈನೋಸಾರ್, ಮೇಬಲ್. ಅದರ ಹಸಿರು ಕತ್ತಿನ ಮೇಲೆ ಕೆಂಪು ಬಣ್ಣದ ಕತ್ತರಿ ಗುರುತುಗಳು. ಒಂದೆರಡಲ್ಲ, ಹದಿನೇಳು!

ಮಿಷಿಗನ್ನಿನ ಆ ಹೆದ್ದಾರಿಯಲ್ಲಿ ಕೆಂಪು ಗುರುತು ಬಿದ್ದ ಮರ ವಾರದೊಳಗೆ ನೆಲಕ್ಕುರುಳುವುದನ್ನು ಕೋರಾ ಚಿಕ್ಕಂದಿನಿಂದ ಕಂಡಿದ್ದಳು.

ಹೆದ್ದಾರಿ ಬದಿಯ ತಮ್ಮ ಉದ್ಯಾನಕ್ಕೆಂದು ಮೇಬಲ್‌ಳನ್ನು ಕಟ್ಟಿದವರು ಕೋರಾಳ ಅಪ್ಪ. ತಂತಿಬಲೆ ಬಿಗಿದು, ಸಿಮೆಂಟು ಮೆತ್ತಿ ಎರಡು ಬೇಸಿಗೆ ದುಡಿದಿದ್ದರು. ಕಳೆದ ನವೆಂಬರಿನಲ್ಲಿ ಅವರು ತೀರಿಕೊಂಡು ಕರ್ತನಲ್ಲಿ ನಿದ್ರೆಹೋದರು. ಈಗ ಕತ್ತು ಗಟ್ಟಿಯಿಲ್ಲವೆಂದು ತಪಾಸಣೆಯವರು ಹೇಳಿಬಿಟ್ಟರೆ ಉದ್ಯಾನದ ಬಾಗಿಲು ತೆರೆಯುವಂತಿರಲಿಲ್ಲ.

"ನಾನು ಆರ್ವಿಡ್. ಪಾದ್ರಿಗಳು ಕಳಿಸಿದ ಗಾರೆ ಕೆಲಸದವನು..."

"ರಿಪೇರಿಗೆ ಕರೆಸಿದ್ದು, ಕೆಡವೋಕಲ್ಲ!"

"ಸ್ವಲ್ಪ ಕೇಳಿ..."

"ಒಂದು ಮಾತೂ ಬೇಡ! ಏಣಿ ತಗೊಂಡು ಹೊರಡಿ!"

ಅವನು ಹೊರಟೇಹೋದ.

ಸಂಜೆ ಕೋರಾ ಫೋನಿನಲ್ಲಿ ದೂರಿದಾಗ ಪಾದ್ರಿಗಳು ನಕ್ಕುಬಿಟ್ಟರು. "ಅಯ್ಯೋ ಮಗಳೇ! ಗಾರೆಯವರು ಸುತ್ತಿಗೇಲಿ ತಟ್ಟಿ ಕಿವಿಗೊಟ್ಟು ಕೇಳ್ತಾರೆ. ಟೊಳ್ಳು ಸದ್ದು ಬಂದ ಕಡೆ ಗುರುತು ಹಾಕ್ತಾರೆ, ಅಲ್ಲಿ ಹೊಸ ಗಾರೆ ತುಂಬೋಕೆ. ನಮ್ಮ ಗಂಟೆಗೋಪುರ ಉಳಿಸಿದವನೂ ಅವನೇ!"

'ದೇವರೇ, ನಾನೆಂಥ ಕೆಲಸ ಮಾಡಿಬಿಟ್ಟೆ...'

ಭಾನುವಾರ ಆರಾಧನೆ ಮುಗಿದ ಮೇಲೆ, ಚರ್ಚಿನ ಕಾಫಿ ಮೇಜಿನ ಬಳಿ ಕೋರಾ ಅವನೆದುರು ನಿಂತಳು.

"ತಪ್ಪಾಯ್ತು. ವಾಪಸ್ ಬರ್ತೀರಾ?"

"ಬೈದು ಮುಗೀತಾ? ಇನ್ನೂ ಬಾಕಿ ಇದೆಯಾ?"

"ಇದೆ. ಕೆಲಸ ನೋಡ್ಕೊಂಡು ಬೈತೀನಿ."

ಆರ್ವಿಡ್ ಬಾಯಿತುಂಬ ನಕ್ಕ. ಸೋಮವಾರ ಬೆಳಿಗ್ಗೆಯೇ ಏಣಿ ಹೊತ್ತು ಬಂದ.

ಮೂರು ವಾರ ಅವನು ಮೇಬಲ್‌ಳ ಕತ್ತು ಬಿಟ್ಟಿಳಿಯಲಿಲ್ಲ. ಕೋರಾ ಗಾರೆ ಕಲಸಿ ಕೊಟ್ಟಳು. ಒಂದು ಮಧ್ಯಾಹ್ನ ಅವನು ಮೇಲಿಂದಲೇ ಕೂಗಿದ.

"ಎಡಗಣ್ಣು ಸೊಟ್ಟಗಿದೆಯಲ್ರೀ!"

ಕೋರಾ ಗಾರೆ ಕಲಸುವುದನ್ನು ನಿಲ್ಲಿಸಿ ಆ ಕಣ್ಣನ್ನೇ ನೋಡಿದಳು. ಅದನ್ನು ಮಾಡುವಾಗ ಅಪ್ಪ ಹಾಡುತ್ತಿದ್ದ ಕೀರ್ತನೆ ಅವಳಿಗೆ ನೆನಪಾಯಿತು.

ಅವನು ಅವಳ ಮುಖ ನೋಡಿದ. ಗಾರೆ ಮೆತ್ತುವ ಕರಣೆ ಪಕ್ಕಕ್ಕಿಟ್ಟ.

"ಬಿಡಿ... ನಿಮ್ಮಪ್ಪ ಇಟ್ಟ ಕಣ್ಣು. ನಾನು ಮುಟ್ಟಲ್ಲ."

ಅಪ್ಪನನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಕೋರಾ ಅಂದು ಅತ್ತಳು. 'ಇವನನ್ನು ಕಳಿಸಿದವನು ಪಾದ್ರಿಯಲ್ಲ, ನೀನೇ, ಪರಲೋಕದ ತಂದೆಯೇ' ಎಂದು ಒಳಗೊಳಗೇ ಸ್ತುತಿಸಿದಳು.

ತಪಾಸಣೆಯವರು ಬಂದು, ತಟ್ಟಿ, ಜಗ್ಗಿ, ಒಪ್ಪಿಗೆಯ ಸಹಿ ಹಾಕಿ ಹೋದರು. ಉದ್ಯಾನ ಉಳಿಯಿತು!

ಆರ್ವಿಡ್ ಸಾಮಾನು ತುಂಬಿದ. ಆದರೆ ಗಾಡಿ ಹತ್ತಲಿಲ್ಲ.

"ಕೆಲಸ ಮುಗೀತಲ್ಲ, ಇನ್ಯಾಕೆ ನಿಂತಿದ್ದೀರಿ?" ಕೇಳಿದಳು ಕೋರಾ. ಉತ್ತರ ಅವಳಿಗೆ ಗೊತ್ತಿತ್ತು.

"ಹೋಗೋಕೆ ಮನಸ್ಸಿಲ್ಲ. ನಿಮ್ಮ ಮೇಲೆ ಮನಸ್ಸಾಗಿದೆ, ಕೋರಾ."

"ಇಷ್ಟು ಹೇಳೋಕೆ ಮೂರು ವಾರ ಬೇಕಿತ್ತಾ? ಮನೆಯೊಳಗೆ ನಡೀರಿ. ಊಟಕ್ಕೆ ಎರಡು ತಟ್ಟೆ ಇಟ್ಟಿದ್ದೀನಿ."

"ಇವತ್ತಿಗೆ ಮಾತ್ರಾನಾ?"

ಅವಳು ಅವನ ಸಿಮೆಂಟು ಮೆತ್ತಿದ ಕೈ ಹಿಡಿದಳು.

"ದಿನಾ... ಬಾ."