ಪುಟದಲ್ಲಿ ಕಾಣದ ಸಾಲು

"ನೀವು ಸ್ವಲ್ಪ ಆ ಕಡೆ ಸರಿದು ಕೂತ್ರೆ ನನಗೆ ಸ್ಕ್ರೀನ್ ಕಾಣುತ್ತೆ," ಎಂದಳು ಅವಳು.

ಲಂಬು ತೆಪ್ಪಗೆ ಕುರ್ಚಿ ಸರಿಸಿಕೊಂಡ. ಹನ್ನೆರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಪಕ್ಕದಲ್ಲಿ, ಅವಳು "ಏ ಲಂಬು, ಸರಿಯೋ ಆಚೆ" ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಈಗ ಎರಡು ದಿನದಿಂದ ಬರೀ 'ನೀವು'. ಇಷ್ಟು ಮರ್ಯಾದೆ ಕೊಟ್ಟು ಬೈಯುವುದನ್ನು ಅವಳು ಎಲ್ಲಿ ಕಲಿತಳೋ!

ಅಪ್ಪ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಾಗ ಅವಳು ಕೆಲಸ ಬಿಟ್ಟಿದ್ದಳು. ಹೋದ ವರ್ಷ ಅಪ್ಪ ತೀರಿಕೊಂಡರು. ಖಾಲಿ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು ಅವಳು ಹಳೆಯ ಆಫೀಸಿನ ಮೆಟ್ಟಿಲು ಹತ್ತಿದಾಗ ಒಡತಿ ದೊಡ್ಡಕ್ಕ ಸುತ್ತಿಬಳಸದೆ ಹೇಳಿದ್ದರು: "ಡ್ರೈವಿಂಗ್ ಸ್ಕೂಲಿನ ವೆಬ್‌ಸೈಟ್ ಇದೆಯಲ್ಲ, ನೀನೇ ಕಟ್ಟಿದ್ದು. ಶುಕ್ರವಾರದೊಳಗೆ ಅದನ್ನ ಹೊಸ ರೀತೀಲಿ ಕಟ್ಟಿ ತೋರ್ಸು, ಕುರ್ಚಿ ನಿಂದು. ಕಲಿಸೋಕೆ ಲಂಬು ಇದ್ದಾನೆ."

ಬೇರೆ ಯಾರೂ ಸಿಗಲಿಲ್ಲವೇ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು.

ಅವಳ ಕಾಲದಲ್ಲಿ ವೆಬ್ ಪುಟವೆಂದರೆ ಟೇಬಲ್ಲು, ಗೆರೆ ಎಳೆದ ಚೌಕಗಳು. ಮನೆಯೊಳಗೆ ಮನೆ, ಅದರೊಳಗೆ ಇನ್ನೊಂದು ಮನೆ. ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡಿದರೆ ಮುಗಿಯಿತು. ಬೇಕಾದಷ್ಟು ಜಾಗ ಬಿಡಲು ಕಣ್ಣಿಗೆ ಕಾಣದ ಪುಟ್ಟದೊಂದು ಚಿತ್ರವನ್ನು ನಡುವೆ ಸಿಕ್ಕಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈಗ ಕಪ್ಪು ಪರದೆ ತೆರೆದು ಏನೋ ಟೈಪ್ ಮಾಡಬೇಕಂತೆ, ಆಮೇಲೆ ಎಲ್ಲಿಂದಲೋ ಫೈಲುಗಳು ಬಂದು ರಾಶಿ ಬೀಳುತ್ತವಂತೆ.

"ಒಂದು ಫೋನ್ ನಂಬರ್ ತೋರಿಸೋಕೆ ಇಪ್ಪತ್ತು ಸಾವಿರ ಫೈಲಾ? ಬೆಟ್ಟ ಅಗೆದು ಇಲಿ ಹಿಡಿಯೋದು ಅಂದ್ರೆ ಇದೇ."

ಲಂಬುವಿನ ತುಟಿಯ ಎಡತುದಿ ಸ್ವಲ್ಪವೇ ಮೇಲೆದ್ದಿತು. ನಗು ಬಂದರೆ ಮೊದಲು ಅಲ್ಲೇ ಕಾಣುತ್ತಿತ್ತು, ಅಂದೂ ಇಂದೂ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಇನ್ನೂ ಮದುವೆಯಾಗಿಲ್ಲ ಎಂದು ದೊಡ್ಡಕ್ಕ ಕೇಳದೆಯೇ ಹೇಳಿದ್ದರು. ಇದನ್ನೆಲ್ಲ ತಾನು ಗಮನಿಸುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

"ನಗೋದೇನಿದೆ?"

"ನಕ್ಕಿಲ್ಲ."

"ತುಟಿ ನಕ್ತು."

"ತುಟಿಗೆ ಹೇಳ್ತೀನಿ," ಎಂದ ಅವನು. ಅವಳು ನಗಲಿಲ್ಲ. ನಕ್ಕು ಮರೆಯುವಂಥ ಗಾಯವಲ್ಲ ಅವಳದು.

ಕೆಲಸ ಬಿಟ್ಟ ದಿನ ಅವಳು ಈ ಡ್ರೈವಿಂಗ್ ಸ್ಕೂಲಿನ ಪುಟದ ಕೋಡಿನಲ್ಲಿ ಒಂದು ಕಾಮೆಂಟ್ ಬರೆದಿಟ್ಟಿದ್ದಳು. ವೆಬ್‌ಸೈಟ್ ನೋಡುವವರಿಗೆ ಕಾಣದ, ಕೋಡ್ ತೆರೆದು ನೋಡುವವರ ಕಣ್ಣಿಗೆ ಮಾತ್ರ ಬೀಳುವ ಟಿಪ್ಪಣಿ. ಲಂಬುವಿನ ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲದೆ ಬರೆದದ್ದು. ಅಪ್ಪನ ಊರಿಗೆ ಹೋದ ಮೇಲೆ ಅವರಿಗೆ ಮಾತ್ರೆ ಕೊಟ್ಟು ದಿನಾ ಆ ಪುಟದ ಕೋಡ್ ತೆರೆದು ನೋಡುತ್ತಿದ್ದಳು. ನಾಲ್ಕು ದಿನ ಅವಳ ಸಾಲು ಒಂಟಿಯಾಗಿತ್ತು. ಐದನೆಯ ದಿನ ಅದೂ ಇರಲಿಲ್ಲ. ಉತ್ತರ ಕೊಡದಿದ್ದರೆ ಹೋಗಲಿ, ಇದ್ದದ್ದನ್ನೂ ಅಳಿಸಿಬಿಟ್ಟಿದ್ದ! ಆ ಅವಮಾನವನ್ನು ಹನ್ನೆರಡು ವರ್ಷ ಅವಳು ಆರಲು ಬಿಟ್ಟಿರಲಿಲ್ಲ. ಮತ್ತೆಂದೂ ಆ ಪುಟ ತೆರೆಯಲಿಲ್ಲ.

"ಇದು ಬಿಲ್ಡ್," ಎಂದು ಲಂಬು ಪಾಠ ಮುಂದುವರಿಸಿದ. "ನಾವು ಬರೆಯೋ ಫೈಲ್ ನಮ್ಮ ಹತ್ರನೇ ಇರುತ್ತೆ. ಟೂಲ್ ಅದನ್ನ ಹಗುರ ಮಾಡಿ ಸೈಟಿಗೆ ಕಳಿಸುತ್ತೆ. ಖಾಲಿ ಜಾಗ, ಕಾಮೆಂಟು, ಎಲ್ಲ ಕಿತ್ತುಹಾಕುತ್ತೆ."

ಅವಳ ಕೈ ಕೀಬೋರ್ಡಿನ ಮೇಲೆ ನಿಂತಿತು. "ಕಾಮೆಂಟೂ ಕಿತ್ತುಹಾಕುತ್ತಾ? ಯಾವಾಗಿಂದ?"

"ಮೊದಲಿಂದ್ಲೂ. ನೀನು ಕೆಲಸ ಬಿಟ್ಟ ವಾರವೇ ದೊಡ್ಡಕ್ಕ ಇಂಥದ್ದೊಂದು ಟೂಲ್ ಹಾಕ್ಸಿದ್ರು. ಆಮೇಲೆ ಬಂದ ಟೂಲ್‌ಗಳೂ ಅದನ್ನೇ..." ಎನ್ನುತ್ತ ಅವನು ಅರ್ಧಕ್ಕೆ ನಿಂತ. ಮುಖ ಬಿಳಿಚಿಕೊಂಡಿತು.

ಅವಳು ಅವನ ಕೈಯಿಂದ ಮೌಸ್ ಕಿತ್ತುಕೊಂಡು ಆಫೀಸಿನಲ್ಲೇ ಉಳಿದಿದ್ದ ಹಳೆಯ ಫೈಲ್ ತೆರೆದಳು. ಟೇಬಲ್ಲುಗಳನ್ನು ದಾಟಿ, ಪುಟದ ತಳಕ್ಕೆ ಬಂದಳು. ಅಲ್ಲಿತ್ತು.

'ಲಂಬು, ನನಗೆ ನೀನಂದ್ರೆ ಇಷ್ಟ. ನಿನಗೂ ಇಷ್ಟ ಇದ್ರೆ ಇದರ ಕೆಳಗೆ ಬರಿ, ಮನೆಯಿಂದ ನೋಡ್ತೀನಿ. ಫೋನ್ ಮಾಡ್ಬೇಡ, ಅಪ್ಪನಿಗೆ ಎಚ್ಚರ ಆಗುತ್ತೆ.'

ಅದರ ಕೆಳಗೆ, ಅವಳು ಎಂದೂ ನೋಡದ ಸಾಲು:

'ನನಗೂ. ಅಪ್ಪನ್ನ ನೋಡ್ಕೊಳ್ಳೋಕೆ ನಾನೂ ಬರ್ಲಾ?'

ಇನ್ನೂ ಕೆಳಗೆ, ಆರು ತಿಂಗಳ ನಂತರದ ತಾರೀಕಿನಲ್ಲಿ: 'ಓದಿದ್ಯಾ?'

ಅಪ್ಪನನ್ನು ಒಬ್ಬಳೇ ಮಗ್ಗುಲಿಗೆ ಹೊರಳಿಸಿ ಸೊಂಟ ಹಿಡಿದುಕೊಂಡು ಗೋಡೆಗೊರಗಿ ಅತ್ತ ದಿನಗಳೆಲ್ಲ ಒಟ್ಟಿಗೆ ನೆನಪಾದವು. ಕಣ್ಣು ತುಂಬಿತು, ಸಿಟ್ಟು ಮಾತ್ರ ಇನ್ನೂ ಏರಿತು.

"ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೋ? ಟೂಲ್ ಕಾಮೆಂಟ್ ತಿನ್ನುತ್ತೆ ಅಂತ ಊರಿಗೆಲ್ಲ ಪಾಠ ಹೇಳ್ತೀಯ, ನಿನ್ನ ಸಾಲನ್ನೂ ತಿಂತು ಅಂತ ಹೊಳೀಲಿಲ್ವಾ?"

"ಹೊಳೀಲಿಲ್ಲ. ಕಳಿಸಿದ್ಮೇಲೆ ಸೈಟ್ ತೆರೆದು ಕೋಡ್ ನೋಡೋ ಚಾಳಿ ನಿಂಗೊಬ್ಬಳಿಗೇ ಇದ್ದಿದ್ದು."

"ದೀಪದ ಬುಡದಲ್ಲೇ ಕತ್ತಲೆ! ಫೋನ್ ಇರ್ಲಿಲ್ವಾ?"

"ಮಾಡ್ಬೇಡ ಅಂತ ನೀನೇ ಬರ್ದಿದ್ದೆ." ಅವನ ದನಿಯಲ್ಲೂ ಮೊದಲ ಸಲ ಸಿಟ್ಟು ಬಂತು. "ನೀನು ಓದಿ ಸುಮ್ನಾದೆ ಅಂದ್ಕೊಂಡೆ. ಹಾಸಿಗೆ ಹಿಡಿದೋರ ಹತ್ರ ಕೂತಿರೋಳನ್ನ ಪೀಡಿಸ್ಲಾ? ನಾನೂ ಹನ್ನೆರಡು ವರ್ಷ ಉರ್ಕೊಂಡೇ ಕೂತಿದೀನಿ ಕಣೇ."

ಅವನನ್ನು ಬೈಯಲು ಅವಳಿಗೆ ಇನ್ನೇನೂ ಉಳಿದಿರಲಿಲ್ಲ, ತನ್ನನ್ನೇ ಬೈದುಕೊಳ್ಳಬೇಕಿತ್ತು. ದುಪಟ್ಟಾದಿಂದ ಮೂಗು ಒರೆಸಿಕೊಂಡು ಸ್ಕ್ರೀನಿನತ್ತ ತಿರುಗಿದಳು.

"ಕಾಮೆಂಟ್ ಕೀಳೋದನ್ನ ನಿಲ್ಸೋದು ಹೇಗೆ? ಕಲಿಸು."

ಅವನು ಒಂದು ಫೈಲ್ ತೋರಿಸಿದ. ಒಂದೇ ಪದ ಬದಲಿಸಬೇಕಿತ್ತು. ಬದಲಿಸಿದಳು. ಕಪ್ಪು ಪರದೆ ತೆರೆದು, ಅವನನ್ನು ಕೇಳದೆಯೇ ಬಿಲ್ಡ್ ಮಾಡಿ ಸೈಟಿಗೆ ಕಳಿಸಿದಳು. ಆಮೇಲೆ ಅಂದಿನಂತೆಯೇ ಪುಟ ತೆರೆದು ಕೋಡ್ ನೋಡಿದಳು. ತಳದಲ್ಲಿ ಅವಳ ಸಾಲಿತ್ತು, ಕೆಳಗೆ ಅವನ ಎರಡು ಸಾಲು.

"ಈಗ ಓದ್ದೆ," ಎಂದಳು.

ಲಂಬು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಇಬ್ಬರ ಮೊಣಕೈಗಳ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ.

"ಕೆಳಗೆ ಉತ್ತರ ಬರೀತೀಯಾ?" ಎಂದು ಕೇಳಿದ.

"ಬರೆಯೋದೂ ಬೇಡ, ಅಳಿಸೋದೂ ಬೇಡ. ಬಾಯಲ್ಲಿ ಕೇಳು. ನೆಟ್ಟಗೆ, ನನ್ನ ಮುಖ ನೋಡ್ಕೊಂಡು."

ಅವನು ನೋಡಿದ. ಈ ಸಲ ತುಟಿಯ ತುದಿ ಏಳಲಿಲ್ಲ. "ನಾನೂ ಬರ್ಲಾ?"

"ಅಪ್ಪ ಇಲ್ಲ," ಎಂದಳು ಅವಳು, ಇನ್ನೂ ಸಿಟ್ಟಿನಲ್ಲೇ. "ನಾನಿದೀನಿ. ಬಾ."