ಆಷಾಢದಲ್ಲಿ ಪಾಠ ಕಲಿತ ಮೇಜು

"ಇದು ಮೇಜೋ, ಮಾಡಿದವನ ತಲೆಯೋ? ಎರಡೂ ಒಂದೇ ಕಡೆ ವಾಲಿವೆ," ಎಂದರು ಸಂಪತ್ಕುಮಾರ್. "ಏಳನೇ ಕ್ಲಾಸಿಗೆ ಓದು ಬಿಟ್ಟವನ ಕೈಗೆ ವಿಜ್ಞಾನ ಕೊಟ್ರೆ ಇನ್ನೇನಾಗುತ್ತೆ ಹೇಳಿ. ಮರಕ್ಕೇ ಇವನಿಗಿಂತ ಬುದ್ಧಿ ಜಾಸ್ತಿ."

ನಗರವಾಣಿ ಸಮಿತಿಯಿಂದ ಬಂದಿದ್ದ ಇಬ್ಬರು ಅಧಿಕಾರಿಗಳು ನಕ್ಕರು. ಈ ಮೇಜಿನ ವಿಶೇಷ ಮರವನ್ನು ಕಂಡುಹಿಡಿದ ವಿಜ್ಞಾನಿ ಡಾ. ಫರ್ಹಾನಾ ನಗಲಿಲ್ಲ. ಮೇಜು ಮಾಡಿದ ಬಡಗಿ ಕಾಳೇಶ ಬಾಗಿಲ ಪಕ್ಕದಲ್ಲಿ ನಿಂತು ತನ್ನ ಹೆಬ್ಬೆರಳಿಗೆ ಅಂಟಿದ್ದ ಗೋಂದನ್ನು ಕೀಳುತ್ತಿದ್ದ. ಕಿವಿ ಮಾತ್ರ ಕೆಂಪಗಾಗಿದ್ದವು.

ತುಮಕೂರಿನ ಒಂದು ವಸತಿ ಸಮುಚ್ಚಯದ ನಾಲ್ಕನೇ ಮಹಡಿಯಲ್ಲಿ, ಹತ್ತಡಿ ಉದ್ದ ಎಂಟಡಿ ಅಗಲದ ಕೋಣೆಯನ್ನು ಸಂಪತ್ಕುಮಾರ್ ಧ್ವನಿಮುದ್ರಣ ಕೋಣೆ ಮಾಡಿಕೊಂಡಿದ್ದರು. ಜಾಹೀರಾತಿಗೆ, ಪ್ರಕಟಣೆಗೆ ದನಿ ಕೊಡುವುದು ಅವರ ಕಸುಬು. ಅಂಥ ಕೋಣೆಗೆ ದೊಡ್ಡ ಶತ್ರು ಮೇಜು. ಸಾಧಾರಣ ಹಲಗೆಯ ಮೇಜು ತಮಟೆಯ ಹಾಗೆ. ಮಾತಾಡಿದ್ದು ಹಲಗೆಗೆ ಬಡಿದು ಹಿಂದಿರುಗಿ ಮೈಕಿನೊಳಗೆ ಹೊಕ್ಕು ರಾಡಿ ಎಬ್ಬಿಸುತ್ತದೆ. ಅದರ ಮೇಲೆ ಪಕ್ಕದ ಮನೆಯ ಮಿಕ್ಸಿ, ಮೇಲಿನ ಮನೆಯ ಕುಕ್ಕರ್, ಬೀದಿಯ ಸೊಪ್ಪಿನವಳು.

ಇದಕ್ಕೆಂದೇ ಡಾ. ಫರ್ಹಾನಾ ಕಲಿಮರ ಎಂಬ ವಸ್ತುವನ್ನು ಸಿದ್ಧಪಡಿಸಿದ್ದರು. ನೋಡಲು ತೇಗದಂತೆಯೇ. ಆದರೆ ಅದರ ನಾರಿನೊಳಗೆ ಕೂದಲಿಗಿಂತ ತೆಳ್ಳಗಿನ ಅರಿವೆಳೆಗಳು, ಅಂದರೆ ಸದ್ದನ್ನೂ ಸ್ಪರ್ಶವನ್ನೂ ಅರಿಯುವ ಎಳೆಗಳು, ಇರುತ್ತವೆ. ಮೇಜು ಕಟ್ಟಿ ಹೊದಿಕೆ ತೆಗೆದ ಮೇಲೆ ಮೂರು ದಿನ ಮರ ಹಸಿಯಾಗಿರುತ್ತದೆ. ಆ ಮೂರು ದಿನ ಒಡೆಯ ಅಲ್ಲಿ ಕೂತು ಮಾತಾಡಬೇಕು. ಅವನ ಮೊಣಕೈ ಎಲ್ಲಿ ಬರುತ್ತದೆ, ಕಿವಿ ಎಷ್ಟು ಎತ್ತರ, ಗಂಟಲು ಹೇಗೆ ಅದುರುತ್ತದೆ, ಎಲ್ಲವನ್ನೂ ಮರ ಕಲಿಯುತ್ತದೆ. ಕಲಿತಂತೆ ಮೈಕಿನ ತೋಳು, ಸ್ಪೀಕರಿನ ಗೂಡು, ಮೇಜಿಗೇ ಬೆಸೆದ ಆಸನ, ಹೊಟ್ಟೆಯ ಸುತ್ತ ಬರುವ ಕಮಾನು ಎಲ್ಲ ಅವನ ಅಳತೆಗೆ ಬಾಗುತ್ತವೆ. ನಾಲ್ಕನೇ ದಿನಕ್ಕೆ ಆ ಅಳತೆ ಕಲ್ಲಿನಂತೆ ಗಟ್ಟಿ; ಯಾರು ಕೂತರೂ ಎಲ್ಲ ಸರಿದು ಅದೇ ಅಳತೆಗೆ ಬಂದು ನಿಲ್ಲುತ್ತವೆ. ಅಲ್ಲಿಂದಾಚೆಗೆ ಆಸನದಲ್ಲಿ ಯಾರಾದರೂ ಕೂತೊಡನೆ ಅದು ಒಡೆಯನ ದನಿಯೊಂದನ್ನು ಬಿಟ್ಟು ಒಂದು ಮೊಳದೊಳಗೆ ಬಂದ ಬೇರೆಲ್ಲ ಸದ್ದನ್ನೂ ನುಂಗಿಬಿಡುತ್ತದೆ.

ಕಲಿಮರದ ಕೆಲಸಕ್ಕೆ ಪರವಾನಗಿ ಬೇಕಿತ್ತು. ಕಾಳೇಶನಿಗೆ ಇದೇ ಪರೀಕ್ಷೆಯ ಮೇಜು. ಮೇಜು ಸರಿಯಾಗಿದೆ ಎಂದು ಡಾ. ಫರ್ಹಾನಾ ಇವತ್ತು ಸಹಿ ಹಾಕಿದರೆ ಅವನು ಕಲಿಮರದ ಬಡಗಿ. ಇಲ್ಲದಿದ್ದರೆ ಮತ್ತೆ ಅದೇ ಮಳೆಗೆ ಉಬ್ಬಿದ ಬಾತ್‌ರೂಮ್ ಬಾಗಿಲು ಕೆತ್ತುವುದು, ಜೀವನಪೂರ್ತಿ. ಅವನು ಒಂದೇ ಒಂದು ಮೊಳೆಯನ್ನೂ ಬಳಸಿರಲಿಲ್ಲ. ವೈರುಗಳು ಕಾಲಿನೊಳಗಿನ ತೋಡಿನಲ್ಲಿ ಇಳಿದು ಕಣ್ಣಿಗೇ ಬೀಳದಂತೆ ಕೊರೆದಿದ್ದ.

"ವಾಲಿದೆ ನಿಜ," ಎಂದರು ಡಾ. ಫರ್ಹಾನಾ, ಮೇಜಿನ ಎಡ ಅಂಚು ಸವರುತ್ತ. "ಎರಡು ಬೆರಳು ತಗ್ಗು. ನಿಮಗೆ ಎಡಭುಜ ಇಳಿದಿದೆಯಾ ಸಾರ್?"

"ನನಗ್ಯಾಕೆ ಇಳಿದಿರುತ್ತೆ? ನಾನೇನು ಮೂಟೆ ಹೊರ್ತೀನಾ?" ಎನ್ನುತ್ತ ಸಂಪತ್ಕುಮಾರ್ ಹೋಗಿ ಕೂತರು.

ಆಸನ ಅವರನ್ನು ಮುಂದಕ್ಕೆಳೆದುಕೊಂಡಿತು. ಮೇಜಿನ ಕಮಾನು ಹೊಟ್ಟೆಯ ಸುತ್ತ ಬಂದು ಗಪ್ಪನೆ ಹಿಡಿಯಿತು. ಅದು ಇಪ್ಪತ್ತೆಂಟು ಇಂಚಿನ ಸೊಂಟಕ್ಕೆ ಕಲಿತ ಕಮಾನು. ಮೈಕಿನ ತೋಳು ಇಳಿದು ಬಂದು ಅವರ ಹಣೆಗೆ ಮುತ್ತಿಟ್ಟಂತೆ ನಿಂತಿತು. ಸಂಪತ್ಕುಮಾರ್ ಬಾಯಿ ತೆರೆದರು. ಏನೂ ಕೇಳಲಿಲ್ಲ. ಮತ್ತೆ ತೆರೆದರು. ಕತ್ತಿನ ನರ ಉಬ್ಬಿತು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕೋಣೆಯಲ್ಲಿ ಫ್ಯಾನಿನ ಸದ್ದಷ್ಟೇ ಇತ್ತು.

"ದನಿ ಪರೀಕ್ಷೆ ಶುರುವಾಯ್ತಾ ಮೇಡಂ?" ಎಂದು ಕೇಳಿದರು ಹಿರಿಯ ಅಧಿಕಾರಿ ಕೆಂಪೀರಯ್ಯ. ಊರಿನ ಎಲ್ಲ ಲಿಫ್ಟು, ಬಸ್ಸು, ರೈಲುಗಳಲ್ಲಿ ಮುಂದಿನ ಹತ್ತು ವರ್ಷ ಯಾರ ದನಿ ಮಾತಾಡಬೇಕು ಎಂದು ತೀರ್ಮಾನಿಸಲು ಅವರು ಬಂದಿದ್ದರು. ಅವರಿಗೆ ಆ ದಿನದ ಮಟ್ಟಿಗೆ ಇದೊಂದೇ ಮನೆ ಬಾಕಿ.

ಡಾ. ಫರ್ಹಾನಾ ಕಾಳೇಶನ ಕಡೆ ತಿರುಗಿ ಅವನ ಇಳಿದ ಎಡಭುಜ ನೋಡಿದರು. "ಮೂರು ದಿನ ಇಲ್ಲಿ ಕೂತವರು ಯಾರು?"

"ನಾನೇ ಮೇಡಂ."

"ನೀವ್ಯಾಕೆ ಕೂತ್ರಿ?"

"ಆಷಾಢ ಕಳೀದೆ ಹೊಸ ಮೇಜಿಗೆ ಕೂರಲ್ಲ ಅಂದ್ರು ಸಾರು. ಶ್ರಾವಣದ ಮೊದಲ ದಿನಕ್ಕೇ ಇವರೆಲ್ಲ ಬರ್ತಾರೆ, ಹೊದಿಕೆ ಇವತ್ತೇ ತೆಗೀಬೇಕು ಅಂತಾನೂ ಅಂದ್ರು. ಮರ ಕಾಯಲ್ಲ ಸಾರ್, ಯಾರು ಕೂತ್ರೆ ಅವರದೇ ಆಗುತ್ತೆ ಅಂತ ಎರಡು ಸಲ ಹೇಳ್ದೆ. ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಲ್ವೇನೋ, ಹಂಗೆ ನೀನು ಕೂತಿರು, ನಾನು ಬಂದಾಗ ಎದ್ದೇಳು, ನಿನಗೆ ಹೇಳಿದಷ್ಟು ಮಾಡು ಅಂದ್ರು. ಟವೆಲ್ ಥರ ಕೂತಿದ್ದೆ."

"ಕೂತು ಏನು ಮಾತಾಡಿದ್ರಿ?"

ಕಾಳೇಶ ಹೆಬ್ಬೆರಳಿನ ಗೋಂದನ್ನೇ ನೋಡುತ್ತ ಹೇಳಿದ. "ಮೊದಲನೇ ದಿನ ಅಳತೆಗಳು ಹೇಳ್ದೆ. ಆಮೇಲೆ ಖಾಲಿ ಆಯ್ತು. ಏಳನೇ ಕ್ಲಾಸಿನ ಲೆಕ್ಕದ ಮೇಷ್ಟ್ರಿಗೆ ಸ್ಕೂಲು ಬಿಟ್ಟ ದಿನ ಹೇಳದೆ ಬಂದಿದ್ದು ಇತ್ತು, ಅದನ್ನ ಹೇಳ್ದೆ. ಅದೇ ಎರಡು ದಿನ ಆಯ್ತು."

ಓದಿದವರು ತಪ್ಪು ಮಾಡಿದರೆ ಅದನ್ನು ತುಂಬಿಕೊಡಲು ಒಬ್ಬ ಓದದವನು ಹತ್ತಿರದಲ್ಲೇ ನಿಂತಿರಬೇಕು. ಲೋಕ ನಡೆಯುವುದೇ ಹಾಗೆ. ಸಂಪತ್ಕುಮಾರ್ ಅಷ್ಟರಲ್ಲಿ ಕಾಗದ ಎಳೆದುಕೊಂಡು ಬರೆದು ತೋರಿಸಿದರು: "ಇವನಿಗೆ ಹೇಳಿ ಬಿಡಿಸಿ. ಉಸಿರು ಕಟ್ತಿದೆ."

"ಬಿಡಿಸಬಹುದು," ಎಂದರು ಡಾ. ಫರ್ಹಾನಾ. "ಕಲಿಸಿದವರೇ ಮೇಜಿನ ಮೇಲೆ ಅಂಗೈ ಇಟ್ಟು ಬಿಡು ಅನ್ನಬೇಕು. ಮರ ಮತ್ತೆ ಹಸಿಯಾಗುತ್ತೆ, ಆಗ ಯಾರ ದನಿಯನ್ನೂ ನುಂಗಲ್ಲ, ನೀವು ಹೊಸದಾಗಿ ಕಲಿಸಬಹುದು. ಆದರೆ ಗಂಟಲು ಬಿಗಿ ಇರಬಾರದು, ಇದ್ದರೆ ಮರವೂ ಬಿಗಿಯುತ್ತೆ. ಯಾರೋ ಹೆದರಿಸಿ ಹೇಳಿಸಬಾರದು ಅಂತ ನಾವೇ ಹಾಗೆ ಮಾಡಿದ್ದು. ಗರಗಸ ಹಾಕಿದರೂ ಹೊರಗೆ ಬರ್ತೀರಿ, ಆದರೆ ಮೇಜು ಉಳಿಯಲ್ಲ."

ಗರಗಸ ಎಂದೊಡನೆ ಸಂಪತ್ಕುಮಾರ್ ಎರಡೂ ಕೈಯಲ್ಲಿ ಮೇಜನ್ನು ತಬ್ಬಿಕೊಂಡರು. ಈ ಸಂಜೆಯೊಳಗೆ ಈ ಮೇಜಿನಲ್ಲಿ ಕೂತು ದನಿ ಕೊಡದಿದ್ದರೆ ಮುಂದಿನ ಅವಕಾಶ ಹತ್ತು ವರ್ಷಕ್ಕೆ.

ಕಾಳೇಶ ಬಂದು ಅಂಗೈ ಇಟ್ಟ. "ಬಿಡು," ಎಂದ.

ಆ ದನಿ ಕೇಳಿ ಅಧಿಕಾರಿಗಳಿಬ್ಬರೂ ಕುರ್ಚಿಯಲ್ಲಿ ನೆಟ್ಟಗಾದರು. ಮರ ತನ್ನ ಒಡೆಯನ ಮಾತನ್ನು ಹೊತ್ತು ತಂದು ಎದೆಯೊಳಗೇ ಇಳಿಸಿದಂತಿತ್ತು. ಆದರೆ ಗಂಟಲು ಬಿಗಿದಿತ್ತು. ಕಮಾನು ಸಡಿಲವಾಗುವ ಬದಲು ಇನ್ನೊಂದು ಬೆರಳು ಒತ್ತಿತು. ಸಂಪತ್ಕುಮಾರರ ಕಣ್ಣು ಮೇಲೆ ಹೋದವು.

"ಸಮಾಧಾನ ಮಾಡ್ಕೊಳ್ರಪ್ಪ," ಎಂದು ಕಾಳೇಶನಿಗೆ ಹೇಳಿ ಕೆಂಪೀರಯ್ಯ ತಾವೇ ಅಡುಗೆಮನೆಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಇನ್ನೊಬ್ಬ ಅಧಿಕಾರಿ ಕಡತದಿಂದ ಗಾಳಿ ಹಾಕಿದರು. ಕಾಳೇಶನಿಗೆ ಹುಟ್ಟಿದಾಗಿನಿಂದ ಯಾರೂ ಗಾಳಿ ಹಾಕಿರಲಿಲ್ಲ. ಅವನಿಗೆ ಇನ್ನಷ್ಟು ಸಿಟ್ಟು ಬಂತು. ಎರಡನೇ ಸಲ "ಬಿಡು" ಎಂದಾಗ ಮೇಜಿನ ಕಾಲುಗಳೇ ಕಿರುಗುಟ್ಟಿದವು.

"ಇದು ಮಜ್ಜಿಗೆಯಲ್ಲಿ ಇಳಿಯೋದಲ್ಲ ಮೇಡಂ," ಎಂದ ಅವನು ಹಿಂದೆ ಸರಿದು. "ಎಲ್ಲರ ಮುಂದೆ ಅಂದ ಮಾತು ಎಲ್ಲರ ಮುಂದೆ ವಾಪಸ್ ತಗೊಂಡ್ರೆ ಇಳಿಯುತ್ತೆ."

ಡಾ. ಫರ್ಹಾನಾ ಸಂಪತ್ಕುಮಾರರಿಗೆ ಪೆನ್ನು ತೋರಿಸಿದರು. "ತಪ್ಪಾಯ್ತು ಅಂತ ಬರೀರಿ ಸಾರ್. ಒಂದೇ ಸಾಲು."

ಸಂಪತ್ಕುಮಾರ್ ಯೋಚಿಸಿ ಯೋಚಿಸಿ ಬರೆದರು: "ಬರೆದು ಕೊಟ್ಟರೆ ದಾಖಲೆ ಆಗುತ್ತೆ. ಬಾಯಲ್ಲಿ ಬೇಕಾದರೆ ಹೇಳ್ತೀನಿ."

"ನಿಮ್ಮ ಬಾಯಿ ಕೇಳಿಸ್ತಾ ಇಲ್ಲವಲ್ಲ ಸಾರ್."

ಸಂಪತ್ಕುಮಾರ್ ಕೇಳಲಿಲ್ಲ, ಹೇಳತೊಡಗಿದ್ದರು. ತುಟಿ ಆಡಿತು. ಕೈ ಜೋಡಿಸಿದರು. ಇಪ್ಪತ್ತು ವರ್ಷದ ಕಸುಬಿನಲ್ಲಿ ಅಷ್ಟು ಮನಸ್ಸಿಟ್ಟು ಅವರು ಮಾತಾಡಿದ್ದು ಅದೇ ಮೊದಲಿರಬೇಕು. ಕೆನ್ನೆಯ ಮೇಲೆ ನೀರು ಇಳಿಯಿತು. ಮರ ಪ್ರತಿಯೊಂದು ಅಕ್ಷರವನ್ನೂ ಕುಕ್ಕರಿನ ಸೀಟಿಯನ್ನು ನುಂಗುವ ಹಾಗೆ ನುಂಗಿತು. ಅವರು ಕ್ಷಮೆ ಕೇಳಿದರೋ, ಹೊಟ್ಟೆನೋವು ಹೇಳಿಕೊಂಡರೋ, ಇನ್ನೂ ಎರಡು ಬೈದರೋ ಗೊತ್ತಾಗುವಂತಿರಲಿಲ್ಲ.

ಡಾ. ಫರ್ಹಾನಾ ತಲೆ ತಗ್ಗಿಸಿದರು. ಇಂಥದೊಂದನ್ನು ಅವರ ಪ್ರಯೋಗಶಾಲೆಯಲ್ಲಿ ಯಾರೂ ಪರೀಕ್ಷಿಸಿರಲಿಲ್ಲ.

"ಹೇಳಿದ್ರು ಅಂತಾನೇ ಇಟ್ಕೊಳಪ್ಪ," ಎಂದರು ಕೆಂಪೀರಯ್ಯ. "ಬಾಯಿ ಆಡಿದ್ದು ನಾವೂ ನೋಡಿದ್ವಲ್ಲ."

ಡಾ. ಫರ್ಹಾನಾ ಪರವಾನಗಿಯ ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ಕಾಳೇಶ್, ಮೇಜಿನಲ್ಲಿ ತಪ್ಪಿಲ್ಲ. ಆದರೆ ಮಾಡಿಸಿದವರಿಗೆ ಒಪ್ಪಿಗೆಯಾಗದೆ ನಾನು ಸಹಿ ಹಾಕೋ ಹಾಗಿಲ್ಲ. ಇನ್ನೊಂದು ಸಲ ಕೈ ಇಡಿ. ಕ್ಷಮಿಸಿದ್ದೀರಾ ಅವರನ್ನ?"

ಕಾಳೇಶ ಹಾಳೆಯನ್ನು ನೋಡಿದ. ಮೇಜಿನ ಹಿಂದೆ ಸಂಪತ್ಕುಮಾರರ ಬಾಯಿ ಇನ್ನೂ ತೆರೆದು ಮುಚ್ಚುತ್ತಿತ್ತು. ಅವನು ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು, ಮೇಜಿಗೆ ಕೈ ಹಚ್ಚದೆ, ಸಹಿಗೂ ಕಾಯದೆ ಮೆಟ್ಟಿಲಿಳಿದು ಹೋದ.